ಒಂಬತ್ತು ಸೆಕೆಂಡುಗಳ ಪೈಪೋಟಿ

ಓದುಗರೇ, ಕೈಗಡಿಯಾರ ನೋಡಿಕೊಂಡು 9 ಸೆಕೆಂಡು ಎಣಿಸಿ. ದೂರದರ್ಶನದ ಲೆಕ್ಕದಲ್ಲಿ ಅದು 225 ಫ್ರೇಮು. ವಾರ್ತಾ ವಾಚಕರು ಒಂದೆರಡು ವಾಕ್ಯ ಮುಗಿಸುವಷ್ಟು ಹೊತ್ತು. 1976ರಲ್ಲಿ ಪಶ್ಚಿಮ ಜರ್ಮನಿಯ ಒಂದು ಪುಟ್ಟ ಕಾರು ನಿಂತಲ್ಲಿಂದ ಹೊರಟು ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಹೆಚ್ಚುಕಡಿಮೆ ಇಷ್ಟೇ ಕಾಲ ತೆಗೆದುಕೊಳ್ಳುತ್ತಿತ್ತು. ಮುಂದಿನ 15 ವರ್ಷ ಯೂರೋಪಿನ ಕಾರು ಕಂಪೆನಿಗಳೂ ವಾಹನ ಪತ್ರಿಕೆಗಳೂ ಲಕ್ಷಾಂತರ ತರುಣರೂ ಈ 9 ಸೆಕೆಂಡನ್ನು 8 ಮಾಡುವುದಕ್ಕೆ, 8ನ್ನು ಏಳೂವರೆ ಮಾಡುವುದಕ್ಕೆ ಹೊಡೆದಾಡಿದರು. 'ಹಾಟ್ ಹ್ಯಾಚ್‌ಬ್ಯಾಕ್' ಎಂದು ಹೆಸರಾದ ವಾಹನಗಳ ಚರಿತ್ರೆ ಇದು. ಕಾರುಗಳನ್ನು ಕುರಿತ ಮಾತುಕತೆ ಪ್ರಸಾರವಾದಾಗಲೆಲ್ಲ ವೀಕ್ಷಕರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಇವುಗಳಲ್ಲಿ ನಿಜವಾಗಿ ಯಾವುದು ವೇಗದ ಕಾರು? ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಅತಿಥಿಗಳನ್ನು ಕೂರಿಸಿಕೊಂಡು ಲೆಕ್ಕ ಬಿಡಿಸಲಾಗದು. ಅಚ್ಚಿನ ಪುಟದಲ್ಲಿ ಆ ಅಡ್ಡಿಯಿಲ್ಲ. 'ನಿಜವಾಗಿ' ಎಂಬ ಆ ಪದವನ್ನೇ ಹಿಡಿದು ಹೊರಡೋಣ.

ಮೊದಲು ಹೆಸರಿನ ಅರ್ಥ. ಹಿಂಭಾಗದಲ್ಲಿ ಡಿಕ್ಕಿ ಚಾಚಿಕೊಂಡಿರದೆ, ಹಿಂದಿನ ಗಾಜಿನ ಸಮೇತ ಮೇಲಕ್ಕೆತ್ತಿಕೊಳ್ಳುವ ಬಾಗಿಲುಳ್ಳ ಸಣ್ಣ ಕಾರು ಹ್ಯಾಚ್‌ಬ್ಯಾಕ್. ನಮ್ಮಲ್ಲಿ ಮಾರುತಿ 800 ಅದನ್ನು ಮನೆಮಾತಾಗಿಸಿತು. ಸಂತೆಯ ಸಾಮಾನು, ಮಕ್ಕಳು, ಮಳೆ ಕೊಡೆ ಎಲ್ಲಕ್ಕೂ ಒಗ್ಗುವ ಸಂಸಾರವಂದಿಗ ಕಾರು. ಅದೇ ಒಡಲಿಗೆ ಹೆಚ್ಚು ಶಕ್ತಿಯ ಎಂಜಿನ್ನು, ಗಟ್ಟಿಯಾದ ಸ್ಪ್ರಿಂಗು, ಅಗಲ ಟೈರು ಕೊಟ್ಟರೆ ಅದು 'ಹಾಟ್'. ವಾರದ ಐದು ದಿನ ಕಚೇರಿಗೆ, ಭಾನುವಾರ ಬೆಟ್ಟದ ರಸ್ತೆಗೆ ಎಂಬುದು ಅದರ ಆಕರ್ಷಣೆ.

ಈ ಕಲ್ಪನೆ ಯಾರ ಸ್ವಂತದ್ದೂ ಅಲ್ಲ. ಬ್ರಿಟನ್ನಿನ ಮಿನಿ ಕೂಪರ್ 1961ರಲ್ಲೇ ಬಂದಿತ್ತು. ಮಾಂಟೆ ಕಾರ್ಲೋ ರ್‍ಯಾಲಿಯನ್ನು ಮಿನಿ 1964, 1965 ಮತ್ತು 1967ರಲ್ಲಿ ಗೆದ್ದಿತು. ಆದರೆ ಅದಕ್ಕೆ ಎತ್ತುವ ಹಿಂಬಾಗಿಲು ಇರಲಿಲ್ಲ. ಇಟಲಿಯಲ್ಲಿ ಅಬಾರ್ತ್ ಪಳಗಿಸಿದ ಔಟೋಬಿಯಾಂಕಿ ಎ112, ಫ್ರಾನ್ಸಿನಲ್ಲಿ ಸಿಮ್ಕಾ 1100 ಟಿಐ, ಇವೂ ಈ ದಾರಿಯಲ್ಲಿ ನಡೆದವೇ. ಆದರೂ ವಂಶಾವಳಿಯನ್ನು ಎಲ್ಲರೂ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯಿಂದಲೇ ಆರಂಭಿಸುತ್ತಾರೆ. ನನಗೂ ಅದು ನ್ಯಾಯವೆಂದೇ ತೋರುತ್ತದೆ.

ಆ ಕಾರಿನ ಹುಟ್ಟು ಸ್ವಾರಸ್ಯವಾದದ್ದು. 1973ರ ತೈಲ ಬಿಕ್ಕಟ್ಟಿನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಭಾನುವಾರಗಳಂದು ಕಾರು ಓಡಿಸುವುದನ್ನೇ ಕೆಲಕಾಲ ನಿಷೇಧಿಸಿದ್ದರು. 1974ರಲ್ಲಿ ಹಳೆಯ ಬೀಟಲ್‌ನ ಜಾಗಕ್ಕೆ ಗಾಲ್ಫ್ ಬಂತು. ಅದರ ಆಕೃತಿ ಇಟಲಿಯ ಜಾರ್ಜೆಟ್ಟೊ ಜುಜಾರೊ ಅವರದು. ಕಂಪೆನಿಯ ಅಳಿವು ಉಳಿವು ಅದರ ಮೇಲೆ ನಿಂತಿದ್ದಾಗ 'ಆಟದ ಕಾರು' ಮಾಡೋಣ ಎನ್ನಲು ಧೈರ್ಯ ಬೇಕು. ಆಲ್ಫೋನ್ಸ್ ಲೋವೆನ್‌ಬರ್ಗ್ ಎಂಬ ಎಂಜಿನಿಯರ್ ಆ ಮಾತೆತ್ತಿದರು. ಕೆಲವು ಸಹೋದ್ಯೋಗಿಗಳು ಸೇರಿ ಅಧಿಕೃತ ಆದೇಶವಿಲ್ಲದೆ, ಬಹುಪಾಲು ಗುಟ್ಟಾಗಿಯೇ ಕೆಲಸ ನಡೆಸಿದರು. 1975ರ ಸೆಪ್ಟೆಂಬರಿನ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾರು ಕಾಣಿಸಿಕೊಂಡಿತು. ಮರುವರ್ಷ ಮಾರಾಟಕ್ಕೆ ಬಂತು. 5,000 ಮಾರಾಟವಾದರೆ ಸಾಕೆಂದು ಅಂದಾಜು ಮಾಡಿದ್ದರು. ಆ ಮೊದಲ ತಲೆಮಾರಿನದೇ 4 ಲಕ್ಷ 60 ಸಾವಿರಕ್ಕೂ ಹೆಚ್ಚು ಕಾರುಗಳು ತಯಾರಾದವು!

1.6 ಲೀಟರಿನ ಎಂಜಿನ್ನು, ಕಾರ್ಬ್ಯುರೇಟರ್ ಬದಲು ಬಾಷ್ ಕಂಪೆನಿಯ ಇಂಧನ ಚಿಮ್ಮುವ ವ್ಯವಸ್ಥೆ, 110 ಅಶ್ವಶಕ್ತಿ, 810 ಕಿಲೋ ತೂಕ, ಗಂಟೆಗೆ 182 ಕಿಲೋಮೀಟರ್ ಗರಿಷ್ಠ ವೇಗ. ವೇಗದ ಮಿತಿಯಿಲ್ಲದ ಜರ್ಮನ್ ಹೆದ್ದಾರಿಯ ಎಡಸಾಲು ಆವರೆಗೆ ದೊಡ್ಡ ಕಾರುಗಳ ಸೊತ್ತಾಗಿತ್ತು. ಈಗ ಅವುಗಳ ಕನ್ನಡಿಯಲ್ಲಿ ಮೂತಿಯ ಸುತ್ತ ಕೆಂಪು ಗೆರೆ ಎಳೆದ ಪುಟ್ಟ ಕಾರೊಂದು ಕಾಣತೊಡಗಿತು.

ಇನ್ನು ಆ 9 ಸೆಕೆಂಡಿಗೆ ಬರೋಣ. ಪ್ರೌಢಶಾಲೆಯ ಭೌತಶಾಸ್ತ್ರ ಸಾಕು. ಚಾಲಕನೂ ಸೇರಿ ಕಾರು 900 ಕಿಲೋ ಎನ್ನಿ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಆ ವೇಗದಲ್ಲಿ ಕಾರಿನ ಚಲನಶಕ್ತಿ ಸುಮಾರು 347 ಕಿಲೋಜೌಲ್. 110 ಅಶ್ವಶಕ್ತಿ ಎಂದರೆ ಸುಮಾರು 81 ಕಿಲೋವಾಟ್. ಭಾಗಿಸಿ ನೋಡಿ: 4.3 ಸೆಕೆಂಡು ಸಾಕಾಗಬೇಕಿತ್ತು. ಹಾಗಿದ್ದರೆ ಉಳಿದ ಸುಮಾರು 5 ಸೆಕೆಂಡು ಎಲ್ಲಿ ಹೋಯಿತು?

ಅದಕ್ಕೆ ಹಲವು ಪಾಲುದಾರರಿದ್ದಾರೆ. 110 ಅಶ್ವಶಕ್ತಿ ಸಿಗುವುದು ಎಂಜಿನ್ನು ನಿಮಿಷಕ್ಕೆ 6,100 ಸುತ್ತು ತಿರುಗುವಾಗ ಮಾತ್ರ. ಅದಕ್ಕಿಂತ ಕೆಳಗೆ ಶಕ್ತಿ ಕಡಿಮೆ. ಗೇರು ಬದಲಿಸುವಾಗ ಕ್ಲಚ್ ಒತ್ತಿದ ಕ್ಷಣದಲ್ಲಿ ಶಕ್ತಿಯೇ ಇಲ್ಲ. ಚಕ್ರ, ಗೇರುಗಳನ್ನು ತಿರುಗಿಸುವುದಕ್ಕೆ ಒಂದಿಷ್ಟು, ಗಾಳಿಯನ್ನು ಸೀಳುವುದಕ್ಕೆ ಒಂದಿಷ್ಟು. ಎಲ್ಲಕ್ಕಿಂತ ಮುಖ್ಯ, ಹೊರಡುವ ಕ್ಷಣದಲ್ಲಿ ಟೈರಿಗೆ ನೆಲದ ಹಿಡಿತ ಸಾಲದು. ಈ ಕಾರುಗಳಲ್ಲಿ ಎಂಜಿನ್ನು ತಿರುಗಿಸುವುದು ಮುಂದಿನ ಚಕ್ರಗಳನ್ನು. ವೇಗ ಹೆಚ್ಚಿಸಿದಾಗ ಭಾರ ಹಿಂದಕ್ಕೆ ಸರಿದು ಮುಂಚಕ್ರಗಳು ಹಗುರಾಗುತ್ತವೆ. ಯಾವ ಚಕ್ರ ದುಡಿಯಬೇಕೋ ಅದೇ ನೆಲ ಬಿಟ್ಟಂತಾಗಿ ಗಿರ್ರನೆ ಸುತ್ತುತ್ತದೆ. ಆದ್ದರಿಂದ ಈ ಸಂಖ್ಯೆ ಕಾರಿನ ಗುಣವನ್ನಷ್ಟೇ ಹೇಳುವುದಿಲ್ಲ. ಚಾಲಕನ ಎಡಗಾಲು, ಡಾಂಬರಿನ ಉರುಟು, ಆ ದಿನದ ತೇವ, ಇವೂ ಅದರಲ್ಲಿ ಅಡಗಿರುತ್ತವೆ.

ಪತ್ರಿಕೆಗಳು ಅಳೆಯುತ್ತಿದ್ದ ಬಗೆ ಕೇಳಿ. ಕಾರಿನ ಸ್ಪೀಡೋಮೀಟರ್ ನಂಬಿಕೆಗೆ ಅರ್ಹವಲ್ಲ. ಅದು ಸಾಮಾನ್ಯವಾಗಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಹಾಗಾಗಿ ಸೈಕಲ್ ಚಕ್ರದಂಥ ಐದನೆಯ ಚಕ್ರವೊಂದನ್ನು ಕಾರಿನ ಹಿಂಬದಿಗೆ ಬಿಗಿದು, ಅದರಿಂದ ವೇಗವನ್ನು ಉಪಕರಣಕ್ಕೆ ಊಡಿಸುತ್ತಿದ್ದರು. ಚಾಲಕನ ಪಕ್ಕದಲ್ಲಿ ಇನ್ನೊಬ್ಬರು ಕುಳಿತು ದಾಖಲಿಸುತ್ತಿದ್ದರು. ಗಾಳಿಯ ಪರಿಣಾಮ ಕಳೆಯಲೆಂದು ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆಯುತ್ತಿದ್ದರು. ಬ್ರಿಟನ್ನಿನಲ್ಲಿ ಇದಕ್ಕೆ ಒದಗುತ್ತಿದ್ದುದು ನನೀಟನ್ ಬಳಿಯ ಮೀರಾ ಪರೀಕ್ಷಾ ಪಥ. ಎರಡನೆಯ ಮಹಾಯುದ್ಧದ ವಿಮಾನ ನಿಲ್ದಾಣವೊಂದು ಯುದ್ಧ ಮುಗಿದ ಮೇಲೆ ಈ ಕೆಲಸಕ್ಕೆ ಬಂದಿತ್ತು. ಪ್ರಾಮಾಣಿಕ ಪದ್ಧತಿಯೇ ಸರಿ. ಆದರೆ ಒಳ್ಳೆಯ ಸಂಖ್ಯೆ ಬರಬೇಕಾದರೆ ಎಂಜಿನ್ನನ್ನು ಮೊರೆಯಿಸಿ ಕ್ಲಚ್ಚನ್ನು ಹಠಾತ್ತನೆ ಬಿಡಬೇಕು, ಗೇರನ್ನು ದಾಕ್ಷಿಣ್ಯವಿಲ್ಲದೆ ತಳ್ಳಬೇಕು. ಸಾಲ ಮಾಡಿ ಕಾರು ಕೊಂಡವರು ಯಾರೂ ತಮ್ಮ ಕಾರಿಗೆ ಹಾಗೆ ಮಾಡುವುದಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಬ್ರಿಟಿಷರ ಅಳತೆ ಗಂಟೆಗೆ 60 ಮೈಲಿ. ಅದು 96.6 ಕಿಲೋಮೀಟರ್, ನೂರಲ್ಲ. ಉಳಿದ ಮೂರೂವರೆ ಕಿಲೋಮೀಟರ್ ವೇಗಕ್ಕೆ ಈ ಕಾರುಗಳಿಗೆ ಅರ್ಧ ಸೆಕೆಂಡಿನಷ್ಟು ಬೇಕು. ಎರಡನೆಯ ಗೇರಿನಲ್ಲೇ 60 ಮೈಲಿ ಮುಟ್ಟಿಬಿಡುವ ಕಾರು, 100 ಕಿಲೋಮೀಟರಿಗೆ ಮೂರನೆಯ ಗೇರು ಕೇಳಿದರೆ ಇನ್ನಷ್ಟು ಹೋಯಿತು. ಇಂಗ್ಲಿಷ್ ಪತ್ರಿಕೆಯ ಸಂಖ್ಯೆಯನ್ನೂ ಜರ್ಮನ್ ಪತ್ರಿಕೆಯ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ವಾದಿಸಿದವರು ಬಹಳ ಮಂದಿ. ಎಷ್ಟೋ 'ಗೆಲುವು'ಗಳು ಈ ಅರ್ಧ ಸೆಕೆಂಡಿನಲ್ಲೇ ಹುಟ್ಟಿದವು. (ನಮ್ಮ ಕಸುಬಿನವರೂ ಸಾಚಾಗಳಲ್ಲ. ಕ್ಯಾಮೆರಾವನ್ನು ನೆಲಕ್ಕೆ ಹತ್ತಿರವಿಟ್ಟು, ಅಗಲಕೋನದ ಮಸೂರ ಹಾಕಿ ತೆಗೆದರೆ 50 ಕಿಲೋಮೀಟರಿನಲ್ಲಿ ಹೋಗುವ ಕಾರು ಹಾರಿಹೋದಂತೆ ಕಾಣುತ್ತದೆ.)

ಪರೀಕ್ಷಾ ಪಥ ಬಿಟ್ಟು ರಸ್ತೆಗೆ ಬನ್ನಿ. ಅಲ್ಲಿ ಯಾರೂ ಸೊನ್ನೆಯಿಂದ 100ಕ್ಕೆ ಹೋಗಲು ಹಪಹಪಿಸುವುದಿಲ್ಲ. ಬೇಕಾಗುವುದು ಮುಂದಿನ ಲಾರಿಯನ್ನು ದಾಟುವ ಶಕ್ತಿ. ಎಂದರೆ 80ರಿಂದ 110ಕ್ಕೆ ಎಷ್ಟು ಬೇಗ ಏರುತ್ತದೆ ಎಂಬುದು. ಎದುರಿನಿಂದ ಇನ್ನೊಂದು ವಾಹನ 100 ಕಿಲೋಮೀಟರಿನಲ್ಲಿ ಬರುತ್ತಿದ್ದರೆ ಇಬ್ಬರ ನಡುವಿನ ಅಂತರ ಪ್ರತಿ ಸೆಕೆಂಡಿಗೆ ಸುಮಾರು 54 ಮೀಟರ್ ಕರಗುತ್ತದೆ. ದಾಟುವಾಗ ಒಂದು ಸೆಕೆಂಡು ಉಳಿಸಿದರೆ 54 ಮೀಟರ್ ಆಯುಷ್ಯ ಉಳಿಸಿದಂತೆ. ಜಾಹೀರಾತಿನ ಸಂಖ್ಯೆಯಲ್ಲಿ ಕಾಣದ ಈ ಅಳತೆಯನ್ನು ಬ್ರಿಟಿಷ್ ವಾಹನ ಪತ್ರಿಕೆಗಳು ಗೇರು ಬದಲಿಸದೆ, ಟಾಪ್ ಗೇರಿನಲ್ಲೇ 50ರಿಂದ 70 ಮೈಲಿಗೆ ಏರಲು ಹಿಡಿಯುವ ಕಾಲವೆಂದು ಪಟ್ಟಿಯ ಕೆಳಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದವು. ಓದಬೇಕಾದದ್ದು ಅದನ್ನೇ.

ಈ ಅಳತೆಯಲ್ಲಿ ಅಶ್ವಶಕ್ತಿಗಿಂತ ಟಾರ್ಕ್, ಅಂದರೆ ಎಂಜಿನ್ನಿನ ತಿರುಚುಬಲ, ಮುಖ್ಯವಾಗುತ್ತದೆ. ಗಾಲ್ಫ್ ಇದಕ್ಕೆ ಒಳ್ಳೆಯ ಉದಾಹರಣೆ. 1982ರಲ್ಲಿ ಅದರ ಎಂಜಿನ್ನನ್ನು 1.8 ಲೀಟರಿಗೆ ಹಿಗ್ಗಿಸಿದರು. ಶಕ್ತಿ ಏರಿದ್ದು 110ರಿಂದ 112ಕ್ಕೆ, ಬರೀ ಎರಡು! ಕಾಗದದ ಮೇಲೆ ನಗೆಪಾಟಲು. ಆದರೆ ಮೊದಲು 5,000 ಸುತ್ತಿನಲ್ಲಿ ಸಿಗುತ್ತಿದ್ದ ಗರಿಷ್ಠ ಟಾರ್ಕ್ ಈಗ 3,500 ಸುತ್ತಿಗೇ ಸಿಗತೊಡಗಿತು, ಪ್ರಮಾಣವೂ ಹೆಚ್ಚಿತು. ಗೇರು ಇಳಿಸದೆ, ಎಂಜಿನ್ನನ್ನು ಅರಚಿಸದೆ ಲಾರಿ ದಾಟಬಹುದಾಯಿತು. 1986ರಲ್ಲಿ 16 ಕವಾಟಗಳ 139 ಅಶ್ವಶಕ್ತಿಯ ಗಾಲ್ಫ್ ಬಂದಾಗ ಇದೇ ಪಾಠ ತಿರುಗುಮುರುಗಾಯಿತು. ಹೆಚ್ಚಿನ ಶಕ್ತಿ ಇದ್ದದ್ದು ಸುತ್ತುಗಳ ಮೇಲ್ತುದಿಯಲ್ಲಿ. ಊರೊಳಗಿನ ಓಡಾಟದಲ್ಲಿ ಹಳೆಯ 8 ಕವಾಟದ ಕಾರೇ ಚುರುಕು ಎಂದು ಅನೇಕರಿಗೆ ಅನ್ನಿಸಿತು. ಅನ್ನಿಸಿದ್ದು ಸುಳ್ಳೂ ಅಲ್ಲ.

ಗಾಲ್ಫ್‌ಗೆ ಒಂದು ಕಳಂಕವೂ ಇತ್ತು. 1979ರಲ್ಲಿ ಬ್ರಿಟನ್ನಿಗೆಂದು ಬಲಬದಿ ಸ್ಟಿಯರಿಂಗಿನ ಕಾರು ಮಾಡಿದಾಗ ಬ್ರೇಕಿನ ಒತ್ತಡ ಹೆಚ್ಚಿಸುವ ಸರ್ವೋ ಎಡಬದಿಯಲ್ಲೇ ಉಳಿಯಿತು. ಪೆಡಲ್ಲಿಗೂ ಅದಕ್ಕೂ ನಡುವೆ ಕಾರಿನ ಅಡ್ಡಗಲಕ್ಕೆ ಸರಳು, ಸಂದುಗಳ ಜೋಡಣೆ. ಕಾಲಿನ ಒತ್ತಡದ ಒಂದು ಪಾಲು ಅವುಗಳನ್ನು ಬಗ್ಗಿಸುವುದರಲ್ಲೇ ಮುಗಿಯುತ್ತಿತ್ತು. ವೇಗಕ್ಕೆ ಹೆಸರಾದ ಕಾರು ಬ್ರಿಟನ್ನಿನಲ್ಲಿ ಬ್ರೇಕಿಗೆ ಕುಖ್ಯಾತವಾಯಿತು. ಅದೇ ಕಾರು ಜರ್ಮನಿಯಲ್ಲಿ ಚೆನ್ನಾಗಿ ನಿಲ್ಲುತ್ತಿತ್ತು! ಸೊನ್ನೆಯಿಂದ ನೂರರ ಪಟ್ಟಿಯಲ್ಲಿ ಇದಕ್ಕೆ ಜಾಗವೆಲ್ಲಿ?

1984ರಲ್ಲಿ ನಿಜವಾದ ಎದುರಾಳಿ ಬಂತು. ಫ್ರಾನ್ಸಿನ ಪ್ಯೂಜೊ 205 ಜಿಟಿಐ. 1.6 ಲೀಟರ್, 105 ಅಶ್ವಶಕ್ತಿ, 850 ಕಿಲೋ. ಗಾಲ್ಫ್ ಅದೇ ಹೊತ್ತಿಗೆ ಎರಡನೆಯ ತಲೆಮಾರಿಗೆ ಬಂದು ಮೈ ಬೆಳೆಸಿಕೊಂಡಿತ್ತು. ಜನ ಹಗುರ ಕಾರಿನತ್ತ ತಿರುಗಿದರು. 1986ರಲ್ಲಿ 1.6ರ ಶಕ್ತಿ 115ಕ್ಕೆ ಏರಿತು. ಅದೇ ವರ್ಷ 130 ಅಶ್ವಶಕ್ತಿಯ 1.9 ಲೀಟರಿನ ಆವೃತ್ತಿಯೂ ಹೊರಬಂತು. ಎರಡರಲ್ಲಿ ಯಾವುದು ಮೇಲು ಎಂಬ ತರ್ಕ ಯೂರೋಪಿನಲ್ಲಿ ಇವತ್ತಿಗೂ ಮುಗಿದಿಲ್ಲ. ನಮ್ಮಲ್ಲಿ ಯಾವ ಹೋಟೆಲಿನ ದೋಸೆ ಮೇಲು ಎನ್ನುವ ಹಾಗೆ.

ಇದರಲ್ಲಿ ಸ್ವಲ್ಪ ವಿಜ್ಞಾನವಿದೆ. ಎರಡೂ ಎಂಜಿನ್ನುಗಳ ಸಿಲಿಂಡರಿನ ವ್ಯಾಸ ಒಂದೇ, 83 ಮಿಲಿಮೀಟರ್. ಪಿಸ್ಟನ್ನು ಚಲಿಸುವ ದೂರ ಮಾತ್ರ 1.6ರಲ್ಲಿ 73, 1.9ರಲ್ಲಿ 88 ಮಿಲಿಮೀಟರ್. ನಿಮಿಷಕ್ಕೆ 6,000 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಮೊದಲನೆಯದರಲ್ಲಿ ಸೆಕೆಂಡಿಗೆ 14.6 ಮೀಟರ್, ಎರಡನೆಯದರಲ್ಲಿ 17.6 ಮೀಟರ್. ಹಾಗಾಗಿ 1.6 ಹಾಡುತ್ತಾ ಮೇಲೇರುತ್ತದೆ, 1.9 ಗುಟುರು ಹಾಕುತ್ತಾ ಎಳೆಯುತ್ತದೆ. ಗಡಿಯಾರ 1.9ರ ಪರ: ಸುಮಾರು 8 ಸೆಕೆಂಡಿನಲ್ಲಿ ನೂರು. ಅದಕ್ಕೆ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು. ಅಂಕುಡೊಂಕಿನ ರಸ್ತೆಯಲ್ಲಿ ಓಡಿಸುವ ಸುಖಕ್ಕೆ ಬಹಳ ಮಂದಿ 1.6ರ ಪರ.

ಆದರೆ 205 ಎಂದೊಡನೆ ನೆನಪಾಗುವುದು ಬೇರೆಯೇ ಒಂದು ಗುಣ. ತಿರುವಿನ ನಡುವೆ ಎಕ್ಸಲರೇಟರಿನಿಂದ ಕಾಲು ಎತ್ತಿದರೆ ಹಿಂಭಾಗ ಹೊರಕ್ಕೆ ಜಾರುತ್ತಿತ್ತು. ಏಕೆ? ಕಾಲೆತ್ತಿದ ಕೂಡಲೇ ಎಂಜಿನ್ನು ಮುಂಚಕ್ರಗಳನ್ನು ತಡೆಯುತ್ತದೆ, ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂಚಕ್ರಗಳು ಹಗುರಾಗುತ್ತವೆ. ಟೈರಿನ ಹಿಡಿತ ಅದರ ಮೇಲಿನ ಭಾರವನ್ನು ಅವಲಂಬಿಸಿದೆ. ತಿರುವಿನಲ್ಲಿ ಆಗಲೇ ಹಿಡಿತದ ಅಂಚಿನಲ್ಲಿದ್ದ ಹಿಂದಿನ ಟೈರು ಕೈಬಿಡುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಅಂತರ 2,420 ಮಿಲಿಮೀಟರ್ ಮಾತ್ರ, ಹಿಂಭಾಗದಲ್ಲಿ ಹೇಳಿಕೊಳ್ಳುವ ತೂಕವೂ ಇಲ್ಲ. ಆದ್ದರಿಂದ ಕಾರು ತಿರುಗುವುದೂ ಬೇಗ.

ಪಳಗಿದ ಚಾಲಕನಿಗೆ ಇದು ವರ. ಸ್ಟಿಯರಿಂಗಿನಿಂದಷ್ಟೇ ಅಲ್ಲ, ಬಲಗಾಲಿನಿಂದಲೂ ಕಾರನ್ನು ತಿರುಗಿಸಬಹುದು. ಪರೀಕ್ಷಕರು ಹಾಡಿಹೊಗಳಿದ್ದು ಇದನ್ನೇ. ಅವರ ಮಾತನ್ನು ಓದಿ, ಸೆಕೆಂಡುಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಮೊದಲ ಸಂಬಳದಲ್ಲಿ ಕಾರು ಕೊಂಡ ಇಪ್ಪತ್ತರ ತರುಣನನ್ನು ಊಹಿಸಿಕೊಳ್ಳಿ. ಮಳೆ ಬಿದ್ದ ಹಳ್ಳಿ ರಸ್ತೆ. ತಿರುವು ಎಣಿಸಿದ್ದಕ್ಕಿಂತ ಬಿಗಿ. ಹೆದರಿದಾಗ ಮನುಷ್ಯ ಮಾಡುವ ಮೊದಲ ಕೆಲಸವೇನು? ಕಾಲೆತ್ತುವುದು. ಈ ಕಾರಿನಲ್ಲಿ ಮಾಡಬಾರದ ಕೆಲಸವೂ ಅದೇ. ಪರೀಕ್ಷಾ ಪಥದಲ್ಲಿ ಅರ್ಧ ಸೆಕೆಂಡು ಗಳಿಸಿದ ಕಾರುಗಳು ಹೀಗೆ ಬೇಲಿಗಳಲ್ಲಿ, ಹೊಲಗಳಲ್ಲಿ ಹಿಂದುಮುಂದಾಗಿ ನಿಂತವು. ಎಲ್ಲರೂ ಎದ್ದು ಬರಲಿಲ್ಲ. ನನ್ನ ಮಟ್ಟಿಗೆ ಎರಡು ಕಾರುಗಳ ಹೋಲಿಕೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಚಾಲಕ ತಪ್ಪು ಮಾಡಿದಾಗ ಕಾರು ಏನು ಮಾಡುತ್ತದೆ ಎಂಬುದು. ಆ ಲೆಕ್ಕದಲ್ಲಿ ಗಾಲ್ಫ್ ಕ್ಷಮಿಸುತ್ತಿತ್ತು, ಕಾಲೆತ್ತಿದರೆ ಬಹುಮಟ್ಟಿಗೆ ತೆಪ್ಪಗೆ ಒಳಕ್ಕೆ ಸರಿದುಕೊಳ್ಳುತ್ತಿತ್ತು. 205 ಮಾಡಿದ್ದನ್ನು ಕೂಡಲೇ ಅನುಭವಿಸುವಂತೆ ಮಾಡುತ್ತಿತ್ತು.

205ರ ಕೀರ್ತಿಗೆ ದೂರದರ್ಶನದ ಕೊಡುಗೆಯೂ ಇದೆ. 1985 ಮತ್ತು 1986ರ ವಿಶ್ವ ರ್‍ಯಾಲಿ ಚಾಂಪಿಯನ್‌ಷಿಪ್ಪನ್ನು ಗೆದ್ದದ್ದು 205 ಟರ್ಬೊ 16. ಮೊದಲ ವರ್ಷ ಟಿಮೊ ಸಲೊನೆನ್, ಎರಡನೆಯ ವರ್ಷ ಯೂಹಾ ಕಾಂಕುನೆನ್. ಆ ಕಾರಿಗೂ ಅಂಗಡಿಯ 205ಕ್ಕೂ ಹೋಲಿಕೆ ಮುಖಚಹರೆಯಲ್ಲಿ ಮಾತ್ರ. ಅದರ ಎಂಜಿನ್ನು ಚಾಲಕನ ಬೆನ್ನಹಿಂದೆ, ಶಕ್ತಿ ನಾಲ್ಕೂ ಚಕ್ರಗಳಿಗೆ. ನೋಡಿದವರಿಗೆ ಅಷ್ಟೆಲ್ಲ ಬೇಕಿರಲಿಲ್ಲ.

ಮೂರನೆಯ ಸ್ಪರ್ಧಿ ರೆನೋ 5 ಜಿಟಿ ಟರ್ಬೊ, 1985ರಲ್ಲಿ ಬಂದದ್ದು. 1.4 ಲೀಟರಿನ ಹಳೆಯ ಕಾಲದ ಎಂಜಿನ್ನಿಗೆ ಟರ್ಬೊ ಜೋಡಿಸಿ 115 ಅಶ್ವಶಕ್ತಿ ಹಿಂಡಿದ್ದರು. 1987ರಲ್ಲಿ ಅದು 120 ಆಯಿತು. ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದರಿಂದ ಹೆಚ್ಚು ಗಾಳಿಯನ್ನು ಎಂಜಿನ್ನಿನೊಳಕ್ಕೆ ತುರುಕುವುದು ಟರ್ಬೊ ತಂತ್ರ. ಚೆನ್ನಾಗಿಯೇ ಇದೆ, ಆದರೆ ಹೊಗೆ ರಭಸ ಪಡೆಯುವವರೆಗೆ ಕಾಯಬೇಕು. 3,000 ಸುತ್ತಿನ ಕೆಳಗೆ ಅದು ಬರೀ 1.4 ಲೀಟರಿನ ಸಾಧು ಕಾರು. ದಾಟಿದರೆ ಹಿಂದಿನಿಂದ ಯಾರೋ ಒದ್ದಂತೆ. ಲಾರಿ ದಾಟಲು ಹೊರಟವನು ಆ ಒದೆತ ಎಷ್ಟು ಹೊತ್ತಿಗೆ ಬಂದೀತೆಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕಿತ್ತು.

ಟರ್ಬೊದ ಒಂದು ಲಾಭವನ್ನು ಮರೆಯಬಾರದು. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು. ಮಾಂಟೆ ಕಾರ್ಲೋ ರ್‍ಯಾಲಿ ಹಾದುಹೋಗುವ ತುರಿನಿ ಕಣಿವೆಯ ನೆತ್ತಿ 1,607 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇಕಡ 14ರಷ್ಟು ಕಡಿಮೆ. ಸಾಧಾರಣ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಗಾಳಿಯನ್ನು ತುರುಕಿ ತುಂಬುವ ಟರ್ಬೊಗೆ ನಷ್ಟ ಕಡಿಮೆ. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಕುಳಿತು ಓದುವ ನೀವು, ಯೂರೋಪಿನ ಬಯಲುಸೀಮೆಯಲ್ಲಿ ಅಳೆದ ಯಾವುದೇ ಟರ್ಬೊರಹಿತ ಕಾರಿನ ಅಶ್ವಶಕ್ತಿಯಿಂದ ಶೇಕಡ 8ರಷ್ಟು ಕಳೆದು ಓದಿಕೊಳ್ಳಬಹುದು.

ರೆನೋದ ತೊಂದರೆ ಇದ್ದದ್ದು ನಿಂತಾಗ. ಟರ್ಬೊದ ಕಾವು ಬಾನೆಟ್ಟಿನ ಕೆಳಗೆ ತುಂಬಿಕೊಂಡು ಕಾರ್ಬ್ಯುರೇಟರಿನಲ್ಲಿದ್ದ ಪೆಟ್ರೋಲನ್ನು ಆವಿ ಮಾಡುತ್ತಿತ್ತು. ಎಂಜಿನ್ನು ಆರಿಸಿದ ಮೇಲೂ ಕಾರ್ಬ್ಯುರೇಟರಿಗೆ ಗಾಳಿ ಊದಲೆಂದೇ ಪುಟ್ಟ ಫ್ಯಾನೊಂದನ್ನು ಇಟ್ಟಿದ್ದರು. ಅಷ್ಟಾದರೂ ಬೇಸಿಗೆಯಲ್ಲಿ ಪೆಟ್ರೋಲ್ ಬಂಕಿಗೆ ಹೋಗಿ ಇಂಧನ ತುಂಬಿಸಿ ಕೀಲಿ ತಿರುಗಿಸಿದರೆ ಕಾರು ಹಟ ಹಿಡಿಯುತ್ತಿತ್ತು. ಗಂಟೆಗೆ 200 ಕಿಲೋಮೀಟರ್ ಮುಟ್ಟುವ ಕಾರಿನ ಮಾಲೀಕ ಬಂಕಿನ ಪಕ್ಕ ಬಾನೆಟ್ಟು ತೆರೆದು ನಿಂತ ದೃಶ್ಯ ಆ ದಿನಗಳಲ್ಲಿ ಅಪರೂಪವಾಗಿರಲಿಲ್ಲ.

ಹಾಗೆಂದು ಆ ಕಾರನ್ನು ಕಡೆಗಣಿಸುವಂತಿಲ್ಲ. ರಸ್ತೆಯ ಪರೀಕ್ಷೆ ಎಂದರೆ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ರ್‍ಯಾಲಿ; ಸೆಕೆ, ಕೆಮ್ಮಣ್ಣಿನ ಧೂಳು, ದಿನಗಟ್ಟಲೆ ಓಟ. ಗಾಲ್ಫ್ ಜಿಟಿಐ 16 ಕವಾಟದ ಕಾರಿನಲ್ಲಿ ಸ್ವೀಡನ್ನಿನ ಕೆನೆತ್ ಎರಿಕ್ಸನ್ ಅದನ್ನು 1987ರಲ್ಲಿ ಗೆದ್ದರು. 1989ರಲ್ಲಿ ಗೆದ್ದವರು ಫ್ರಾನ್ಸಿನ ಅಲೇನ್ ಒರೇಯ್, ರೆನೋ 5 ಜಿಟಿ ಟರ್ಬೊದಲ್ಲಿ. ಅದು ಅಂಗಡಿಯ ಕಾರಿಗೆ ಅತಿ ಸಮೀಪವಾದ 'ಗ್ರೂಪ್ ಎನ್' ವರ್ಗದ ಕಾರು. ಆ ವರ್ಗದ ಕಾರೊಂದು ವಿಶ್ವ ಚಾಂಪಿಯನ್‌ಷಿಪ್ಪಿನ ರ್‍ಯಾಲಿಯೊಂದನ್ನು ಸಾರಾಸಗಟಾಗಿ ಗೆದ್ದದ್ದು ಅದೊಂದೇ ಸಲ. ಬಂಕಿನಲ್ಲಿ ಹಟ ಹಿಡಿಯುತ್ತಿದ್ದ ಕಾರೇ ಅದು!

ಉಳಿದವರನ್ನು ಬೇಗ ಮುಗಿಸುತ್ತೇನೆ. ಫೋರ್ಡ್ ಎಸ್ಕಾರ್ಟ್ ಎಕ್ಸ್‌ಆರ್3 1980ರಲ್ಲಿ ಕಾರ್ಬ್ಯುರೇಟರಿನೊಂದಿಗೆ ಬಂತು, 1982ರಲ್ಲಿ ಇಂಧನ ಚಿಮ್ಮುವ ವ್ಯವಸ್ಥೆ ಪಡೆದು ಎಕ್ಸ್‌ಆರ್3ಐ ಆಯಿತು. ಪರೀಕ್ಷಕರು ಮೆಚ್ಚಲಿಲ್ಲ, ಬ್ರಿಟನ್ನಿನ ಜನ ಮುಗಿಬಿದ್ದು ಕೊಂಡರು. ಫಿಯೆಟ್ ರಿಟ್ಮೊ ಅಬಾರ್ತ್ 130 ಟಿಸಿ 2 ಲೀಟರ್, 130 ಅಶ್ವಶಕ್ತಿಯಿಂದ ಎಲ್ಲರನ್ನೂ ಬೆದರಿಸಿತು, ಮಾರಾಟದಲ್ಲಿ ಹಿಂದುಳಿಯಿತು. ಲಾನ್ಸಿಯ ಡೆಲ್ಟಾ 1987ರಿಂದ 1992ರವರೆಗೆ ಸತತ 6 ಸಲ ವಿಶ್ವ ರ್‍ಯಾಲಿಯ ತಯಾರಕರ ಪ್ರಶಸ್ತಿ ಪಡೆಯಿತು. ಆದರೆ ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಆ ದುಬಾರಿ ಕಾರು ಬೇರೆ ಪಂಕ್ತಿಯದು.

ಈ ಪೈಪೋಟಿಯನ್ನು ನಿಲ್ಲಿಸಿದ್ದು ಇನ್ನೂ ವೇಗದ ಕಾರಲ್ಲ. ಮೊದಲ ಪೆಟ್ಟು ಕಳ್ಳರದು. ಇವುಗಳ ಬೀಗ ಆಟಿಕೆಯ ಬೀಗದಂತಿತ್ತು. 1980ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಹಾಟ್ ಹ್ಯಾಚ್‌ಗಳನ್ನು ಕದ್ದು, ಬಡಾವಣೆಯ ಬೀದಿಗಳಲ್ಲಿ ಜನ ಸೇರಿಸಿ ಚಕ್ರ ಸುಡುವ ಆಟ ಆಡಿ ಬಿಟ್ಟುಹೋಗುವುದು ಪಿಡುಗಾಯಿತು. 1991ರಲ್ಲಿ ಆಕ್ಸ್‌ಫರ್ಡಿನ ಬ್ಲ್ಯಾಕ್‌ಬರ್ಡ್ ಲೀಸ್ ಬಡಾವಣೆಯಲ್ಲಿ ಇದನ್ನು ತಡೆಯಹೋದ ಪೊಲೀಸರಿಗೂ ತರುಣರಿಗೂ ಬೀದಿಕಾಳಗವೇ ನಡೆಯಿತು. 1992ರಲ್ಲಿ ಕದ್ದ ವಾಹನವನ್ನು ಅಪಾಯಕಾರಿಯಾಗಿ ಓಡಿಸುವುದಕ್ಕೆ ಹೆಚ್ಚಿನ ಶಿಕ್ಷೆ ವಿಧಿಸುವ ಪ್ರತ್ಯೇಕ ಕಾನೂನು ಬಂತು. ವಿಮೆ ಕಂಪೆನಿಗಳು ಕಂತನ್ನು ಏರಿಸಿದವು. ಯಾರಿಗಾಗಿ ಈ ಕಾರು ಹುಟ್ಟಿತ್ತೋ ಆ ತರುಣರಿಗೆ ಅದನ್ನು ಇಟ್ಟುಕೊಳ್ಳುವುದೇ ಅಸಾಧ್ಯವಾಯಿತು. ಅವರ ಮಟ್ಟಿಗೆ ಆ ಕಾರಿನ ನಿಜವಾದ ವೇಗ ಸೊನ್ನೆ.

ಎರಡನೆಯ ಪೆಟ್ಟು ಒಳ್ಳೆಯ ಕಾರಣಗಳದ್ದೇ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ 1993ರ ಹೊತ್ತಿಗೆ ಯೂರೋಪಿನ ಹೊಸ ಪೆಟ್ರೋಲ್ ಕಾರುಗಳಿಗೆ ಅನಿವಾರ್ಯವಾಯಿತು. ಅದರಿಂದ 205ರ 1.9 ಎಂಜಿನ್ನು 130ರಿಂದ 122ಕ್ಕೆ ಇಳಿದಿತ್ತು. ಅಪಘಾತದಲ್ಲಿ ಜೀವ ಉಳಿಸುವ ತೊಲೆಗಳು, ದಪ್ಪ ಬಾಗಿಲು ಸೇರಿ ತೂಕ ಏರಿತು. 1991ರ ಮೂರನೆಯ ತಲೆಮಾರಿನ ಗಾಲ್ಫ್ ಜಿಟಿಐ 2 ಲೀಟರಿನದಾದರೂ 115 ಅಶ್ವಶಕ್ತಿಯದು. ತೂಕ 1,000 ಕಿಲೋ ದಾಟಿತ್ತು. ನಿಂತಲ್ಲಿಂದ ನೂರಕ್ಕೆ 10 ಸೆಕೆಂಡು. ಮೊಮ್ಮಗ ಅಜ್ಜನಿಗಿಂತ ನಿಧಾನ! ಪತ್ರಿಕೆಗಳು ಗೇಲಿ ಮಾಡಿದವು. ಆದರೆ ಗೋಡೆಗೆ ಗುದ್ದಬೇಕಾಗಿ ಬಂದರೆ ನಾನು ಕೂರಲು ಬಯಸುವುದು ಮೊಮ್ಮಗನಲ್ಲೇ.

ಆಮೇಲೆ ಸಂಖ್ಯೆಗಳು ಮತ್ತೆ ಓಡತೊಡಗಿದವು. 2025ರಲ್ಲಿ ಫೋಕ್ಸ್‌ವ್ಯಾಗನ್ ಭಾರತಕ್ಕೆ ಮೊದಲ ಬಾರಿಗೆ ಗಾಲ್ಫ್ ಜಿಟಿಐಯನ್ನು ತರಿಸಿದಾಗ ಬಂದದ್ದು 150 ಕಾರು, ಬೆಲೆ ತೆರಿಗೆ ನೋಂದಣಿ ಬಿಟ್ಟು 52.99 ಲಕ್ಷ ರೂಪಾಯಿ, 265 ಅಶ್ವಶಕ್ತಿ, ನೂರಕ್ಕೆ 5.9 ಸೆಕೆಂಡು. ಚಕ್ರ ಸುತ್ತದಂತೆ, ಹಿಂಭಾಗ ಜಾರದಂತೆ ಕಂಪ್ಯೂಟರು ಕಾಯುತ್ತದೆ. ಗೇರು ಬದಲಿಸುವುದೂ ಅದೇ.

205 ಭಾರತಕ್ಕೆ ಬರಲಿಲ್ಲ. ಆದರೆ ಅದರ ದಾಯಾದಿ ಬಂದಿತ್ತು. 1990ರ ದಶಕದ ನಡುವೆ ಮುಂಬಯಿ ಬಳಿಯ ಕಲ್ಯಾಣದಲ್ಲಿ ಪ್ರೀಮಿಯರ್ ಜೊತೆಗೂಡಿ ತಯಾರಾದ ಪ್ಯೂಜೊ 309 ನಿಮಗೆ ನೆನಪಿರಬಹುದು. ಬೆಂಗಳೂರು, ಮೈಸೂರಿನ ರಸ್ತೆಗಳಲ್ಲೂ ಓಡಾಡಿತು. 205ರ ತಳಪಾಯವನ್ನೇ ಹಿಗ್ಗಿಸಿ ಮಾಡಿದ ಕಾರು ಅದು. ಯೂರೋಪಿನಲ್ಲಿ ಅದಕ್ಕೂ 130 ಅಶ್ವಶಕ್ತಿಯ 1.9 ಎಂಜಿನ್ನಿನ ಜಿಟಿಐ ಇತ್ತು. ನಮಗೆ ಬಂದದ್ದು 1.4 ಲೀಟರಿನ ಪೆಟ್ರೋಲು, 1.5 ಲೀಟರಿನ ಡೀಸೆಲು. ಕಾರ್ಖಾನೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಆ ಕಾರು ಇಟ್ಟುಕೊಂಡಿದ್ದವರನ್ನು ಕೇಳಿ ನೋಡಿ. ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತಿತ್ತೆಂದು ಯಾರಿಗೂ ಗೊತ್ತಿರುವುದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಹಿಂದಿನ ಸೀಟಿನವರು ನಿದ್ದೆ ಮಾಡುತ್ತಿದ್ದರು ಎನ್ನುತ್ತಾರೆ. ಆ ಹಿಂಚಕ್ರಗಳನ್ನು ಹೊತ್ತ ತಿರುಚು ಸರಳುಗಳ ಜೋಡಣೆ, ತಿರುವಿನಲ್ಲಿ ಕಾಲೆತ್ತಿದವರನ್ನು ಬೇಲಿಗೆ ಕಳಿಸುತ್ತಿದ್ದ 205ರದೇ.